ಕಾಲು ತೆಗಿ ಅಪ್ಪಾ

ನಮ್ಮೂರಿನ ರಸ್ತೆಯಲ್ಲಿ ಮುಂದಿನ ಕಾರು ಇದ್ದಕ್ಕಿದ್ದಂತೆ ನಿಂತುಬಿಟ್ಟರೆ ಹಿಂದಿನವರು ಹಾರನ್ ಹೊಡೆಯುವುದಿಲ್ಲ. ಇಂಜಿನ್ ಆರಿಸಿ, ಕಿಟಕಿ ಇಳಿಸಿ, ಸಾವಕಾಶವಾಗಿ ಕೂರುತ್ತಾರೆ. ಬುತ್ತಿ ಇದ್ದವರು ಬುತ್ತಿ ಬಿಚ್ಚುವುದೂ ಉಂಟು. ಹೊರಗಿನಿಂದ ಬಂದ ಯಾರಾದರೂ ಸಿಟ್ಟಿಗೆದ್ದು ಹಾರನ್ ಒತ್ತಿದರೆ, ಎಳನೀರು ಮಾರುವವನು ಮಚ್ಚು ಕೆಳಗಿಟ್ಟು ಹೋಗಿ, "ಸ್ವಲ್ಪ ತಡ್ಕೊಳಿ ಸಾರ್, ಮನೇಲಿ ಯಾರೋ ಕಾಲಿಟ್ಟಿದಾರೆ" ಎನ್ನುತ್ತಾನೆ. ಅಷ್ಟರಲ್ಲಿ ನಿಂತ ಕಾರಿನೊಳಗಿನ ಹುಡುಗನೋ ಹುಡುಗಿಯೋ ಕಿವಿಗೆ ಫೋನ್ ಹಿಡಿದು, ಮುಖ ಕೆಂಪಗೆ ಮಾಡಿಕೊಂಡು, "ಕಾಲು ತೆಗಿ ಅಪ್ಪಾ" ಎಂದು ಹಲ್ಲು ಕಚ್ಚಿಕೊಂಡು ಹೇಳುತ್ತಿರುವುದು ಕೇಳಿಸುತ್ತದೆ. ಎಲ್ಲೋ ಒಂದು ಅಡುಗೆಮನೆಯಲ್ಲೋ ಆಫೀಸಿನಲ್ಲೋ ಒಬ್ಬ ಅಪ್ಪನೋ ಅಮ್ಮನೋ ನಾಚಿಕೆಯಿಂದ ಬಲಗಾಲನ್ನು ನೆಲದಿಂದ ಎತ್ತುತ್ತಾರೆ. ಕಾರು ಹೊರಡುತ್ತದೆ.

ಮಕ್ಕಳು ಕಾರು ಕಲಿಯುವಾಗ ಪಕ್ಕದಲ್ಲಿ ಕೂತ ಹೆತ್ತವರು ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುವುದು ಎಲ್ಲ ಊರುಗಳಲ್ಲೂ ಇದೆಯಂತೆ. ಬೇರೆ ಕಡೆ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲವಂತೆ, ಪಾಪ. ನಮ್ಮಲ್ಲಿ ಹಿಡಿಯುತ್ತದೆ. ಪಕ್ಕದಲ್ಲೇ ಕೂತಿರಬೇಕೆಂದೂ ಇಲ್ಲ. ಮಗಳು ಹತ್ತು ಮೈಲಿ ಆಚೆ ಇದ್ದರೂ, ಇಲ್ಲಿ ಒಲೆಯ ಮುಂದೆ ನಿಂತವಳ ಎದೆ ಧಸಕ್ಕೆಂದು ಕಾಲು ನೆಲವನ್ನು ಒತ್ತಿದರೆ ಅಲ್ಲಿ ಕಾರು ನಿಲ್ಲುತ್ತದೆ. ಬೇಕೆಂದು ಒತ್ತಿದರೆ ನಡೆಯದು, ಹೆದರಿ ಒತ್ತಬೇಕು. ತೂಗುತ್ತಿರುವ ತೊಟ್ಟಿಲನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ ಹಾಗೆ ಮೆತ್ತಗೆ ನಿಲ್ಲುತ್ತದೆ. ಆ ಕಾಲು ನೆಲ ಬಿಡುವ ತನಕ ಯಾವ ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿದರೂ ಗಾಡಿ ಕದಲುವುದಿಲ್ಲ.

ಹೀಗಾಗಿ ಮಕ್ಕಳಿಗೆ ಹೊಸದಾಗಿ ಲೈಸೆನ್ಸ್ ಬಂದ ಮನೆಯವರನ್ನು ನಾವು ದೂರದಿಂದಲೇ ಗುರುತಿಸುತ್ತೇವೆ. ಅವರು ಎಲ್ಲಿ ಕೂತರೂ ಬಲಗಾಲು ಮೇಲಿರುತ್ತದೆ. ಹೈಸ್ಕೂಲಿನ ಹೆಡ್‌ಮಾಸ್ತರು ಒಂದು ವರ್ಷವಿಡೀ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡೇ ಸ್ಕೂಲು ನಡೆಸಿದರು. ಮದುವೆಮನೆಯಲ್ಲಿ ಅಂಥವರಿಗೆಂದೇ ಎತ್ತರದ ದಿಂಬು ಕೊಡುತ್ತಾರೆ. ಕ್ಯೂನಲ್ಲಿ ಒಂಟಿಕಾಲಲ್ಲಿ ನಿಂತ ಹೆಂಗಸನ್ನು ಕಂಡರೆ ಜನ ತಾವಾಗಿಯೇ ಮುಂದೆ ಬಿಡುತ್ತಾರೆ. ಹೀಗೆ ಒಂದು ವರ್ಷ, ಎರಡು ವರ್ಷ, ಕೆಲವರಿಗೆ ನಾಲ್ಕು. ಆಮೇಲೊಂದು ದಿನ ಎಷ್ಟು ಹೆದರಿ ಒತ್ತಿದರೂ ಹಿಡಿಯುವುದಿಲ್ಲ. ಅದಕ್ಕೆ ನಾವು 'ಕಾಲಿಳಿಯಿತು' ಎನ್ನುತ್ತೇವೆ. ಅವತ್ತು ಬೀದಿಯವರೆಲ್ಲ ಸೇರಿ ಆ ತಂದೆಗೋ ತಾಯಿಗೋ ಒಂದು ಜೊತೆ ಹೊಸ ಚಪ್ಪಲಿ ತಂದುಕೊಡುತ್ತಾರೆ. ಇನ್ನು ಮೇಲೆ ನೀವು ಎಲ್ಲಿ ಬೇಕಾದರೂ ಧೈರ್ಯವಾಗಿ ಕಾಲಿಡಬಹುದು ಎಂದು ಅದರ ಅರ್ಥ.

ನನ್ನ ಹೆಸರು ಪಾಂಡುರಂಗ. ದರ್ಜಿ. ನನ್ನ ಕಸುಬೇ ಕಾಲಿನದು. ಇಪ್ಪತ್ತೆಂಟು ವರ್ಷದಿಂದ ಹೊಲಿಗೆ ಮಷೀನಿನ ಪೆಡಲ್ ತುಳಿಯುತ್ತಿರುವ ಈ ಕಾಲಿಗೆ ಸುಮ್ಮನಿರುವುದೆಂದರೆ ಏನೆಂದೇ ಗೊತ್ತಿಲ್ಲ. ನಿದ್ದೆಯಲ್ಲೂ ತುಳಿಯುತ್ತೇನೆಂದು ಹೆಂಡತಿ ಯಮುನಾ ದೂರುತ್ತಾಳೆ. ಸಾಲದ್ದಕ್ಕೆ ನಾನು ಹುಟ್ಟಾ ಪುಕ್ಕಲ. ಮಗಳು ಮೇದಿನಿ ಚಿಕ್ಕವಳಿದ್ದಾಗ ಸೀಬೆ ಮರ ಹತ್ತಿದರೆ, ಕೆಳಗೆ ಹಾಸಿಗೆ ತಂದು ಹಾಸಿ ನಿಲ್ಲುತ್ತಿದ್ದವನು. ಆ ಹಾಸಿಗೆಯ ಮೇಲೆ ಒಂದು ಸಲವೂ ಅವಳು ಬೀಳಲಿಲ್ಲ, ಹಾಸಿಗೆಗೆ ಕೆಂಪು ಇರುವೆ ಹತ್ತಿದ್ದೇ ಬಂತು.

ನಮ್ಮ ಮನೆಯ ಕಾರು ಮಜ್ಜಿಗೆ ಬಣ್ಣದ್ದು, ಅಪ್ಪ ಕೊಂಡದ್ದು. ನಾನು ಕಲಿತದ್ದೂ ಅದರಲ್ಲೇ. ಆಗ ಕಾಲು ಮೇಲೆತ್ತಿಕೊಂಡು ಕೂರುತ್ತಿದ್ದವಳು ಅಮ್ಮ. ನನಗೆ ಹತ್ತೊಂಬತ್ತು ತುಂಬುವುದರೊಳಗೆ ಅವಳ ಕಾಲಿಳಿಯಿತು. ಬೀದಿಯವರು ಕೊಟ್ಟ ಕಂದು ಚಪ್ಪಲಿಯನ್ನು ಅವಳು ಒಂದು ದಿನವೂ ಹಾಕಿಕೊಳ್ಳಲಿಲ್ಲ. "ಇರ್ಲಿ, ಒಳ್ಳೇದಕ್ಕೆ ಬರುತ್ತೆ" ಎಂದು ಪೇಪರ್ ಸುತ್ತಿ ಮಂಚದ ಕೆಳಗಿಟ್ಟಳು. ಅವಳ ಜಿಪುಣತನ ಗೊತ್ತಿದ್ದ ನಾವ್ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಈಗ ಅವಳಿಗೆ ಎಪ್ಪತ್ತಾರು. ಬರಿಗಾಲಲ್ಲೇ ಊರೆಲ್ಲ ಸುತ್ತುತ್ತಾಳೆ. ಮನೆಯಲ್ಲಿದ್ದರೆ ಪಡಸಾಲೆಯ ಮಣೆಯ ಮೇಲೆ ಎಡಗಾಲು ಮಡಚಿ, ಬಲಗಾಲು ನೆಲಕ್ಕೂರಿ, ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿರುತ್ತಾಳೆ. ಆ ಅಕ್ಕಿಯಲ್ಲಿ ಕಲ್ಲಿರುವುದಿಲ್ಲ, ಆದರೂ ಆರಿಸುತ್ತಾಳೆ.

ನನ್ನ ಅಂಗಡಿಯ ಪಕ್ಕದಲ್ಲಿ ಖಾದರ್ ಸಾಹೇಬರ ಚಪ್ಪಲಿ ಅಂಗಡಿ. ಊರಿನ ಕಾಲಿಳಿದವರಿಗೆಲ್ಲ ಚಪ್ಪಲಿ ಹೋಗುವುದು ಅಲ್ಲಿಂದಲೇ. ಅವರ ಬಲಪಾದದ ಮೇಲೆ ಅಂಗೈಯಗಲದ ಸುಟ್ಟ ಕಲೆಯಿದೆ. ಅವರ ಮಗ ಅನ್ವರ್ ಹದಿನೆಂಟರಲ್ಲಿ ರೈಲು ಹಳಿ ದಾಟುತ್ತಿದ್ದಾಗ ಇವರು ಮನೆಯಲ್ಲಿ ಚಹಾಕ್ಕೆ ಕೂತಿದ್ದರಂತೆ. ದೂರದಲ್ಲಿ ರೈಲು ಕೂಗಿದ್ದು ಕೇಳಿತು, ಎದೆ ಧಸಕ್ಕೆಂದಿತು, ಕಾಲು ಒತ್ತಿತು. ಕಾರು ಹಳಿಯ ಮೇಲೆಯೇ ನಿಂತಿತು. ಅನ್ವರ್ ಫೋನಿನಲ್ಲಿ "ಅಬ್ಬಾ, ಕಾಲು ತೆಗೀರಿ" ಎಂದು ಅರಚುತ್ತಿದ್ದಾನೆ, ಇವರಿಗೆ ತೆಗೆಯಲು ಆಗುತ್ತಿಲ್ಲ. ಹೆದರಿದಷ್ಟೂ ಕಾಲು ನೆಲಕ್ಕೆ ಅಂಟುತ್ತದೆ. ಕೊನೆಗೆ ಅವರ ಬೀಬಿ ಕುದಿಯುತ್ತಿದ್ದ ಚಹಾವನ್ನು ಪಾತ್ರೆಯ ಸಮೇತ ಅವರ ಪಾದದ ಮೇಲೆ ಸುರಿದರು. ಕಾಲು ಎಗರಿತು, ಕಾರು ಮುಂದೆ ಹೋಯಿತು, ಹಿಂದೆಯೇ ರೈಲು ಹೋಯಿತು. ಅನ್ವರ್ ಈಗ ಬಸ್ ಓಡಿಸುತ್ತಾನೆ. ಆದರೆ ಖಾದರ್ ಸಾಹೇಬರು ಅವತ್ತಿನಿಂದ ಚಹಾ ಕುಡಿದಿಲ್ಲ.

ಆ ಕಲೆಯನ್ನು ದಿನಾ ನೋಡುತ್ತ ಹೊಲಿಗೆ ಹಾಕುತ್ತಿದ್ದವನು ನಾನು. ಮಗಳು ಏನಾದರೂ ಮಾಡಿಕೊಂಡಾಳೆಂಬ ಭಯ ಎಲ್ಲ ಅಪ್ಪಂದಿರಿಗೂ ಇರುತ್ತದೆ. ನನಗೆ ಅದರ ಜೊತೆಗೆ, ನನ್ನ ಭಯವೇ ಅವಳನ್ನು ಕೊಂದೀತೆಂಬ ಭಯ. ಎರಡನ್ನೂ ಹೊತ್ತುಕೊಂಡು, ಮೇದಿನಿಗೆ ಹದಿನೆಂಟು ತುಂಬುವ ದಿನವನ್ನು ಪರೀಕ್ಷೆಗೆ ಕಾಯುವ ದಡ್ಡ ಹುಡುಗನಂತೆ ಕಾದೆ.

ಲೈಸೆನ್ಸ್ ಬಂದ ದಿನ ನಮ್ಮಲ್ಲಿ ಒಂದು ಪದ್ಧತಿಯಿದೆ. ಮಕ್ಕಳು ಹೆತ್ತವರ ಬಲಗಾಲನ್ನು ಮಾತ್ರ ಮುಟ್ಟಿ, "ನಿಮ್ಮ ಕಾಲು ನಿಮ್ಮಲ್ಲೇ ಇರಲಿ" ಎನ್ನಬೇಕು. ಹೆತ್ತವರು, "ನಿನ್ನ ದಾರಿ ನಿನ್ನದಾಗಲಿ" ಎನ್ನಬೇಕು. ಮೇದಿನಿ ಬಗ್ಗಿ ಮುಟ್ಟಿದಳು. ನನ್ನ ಕಾಲು ಆಗಲೇ ನಡುಗುತ್ತಿತ್ತು. ಅವಳು ಮುಖವೆತ್ತಿ ನನ್ನನ್ನು ನೋಡಿದಳು. ನಾನು ಹೇಳಬೇಕಾದ್ದನ್ನು ಹೇಳಿದೆ, ಆದರೆ ದನಿ ಏಳಲಿಲ್ಲ. ಯಮುನಾ ಪಕ್ಕದಲ್ಲಿ ನಿಂತು ಸ್ಪಷ್ಟವಾಗಿ, ಊರಿಗೆಲ್ಲ ಕೇಳುವಂತೆ ಹೇಳಿದಳು.

ಮೊದಲ ದಿನ ಮೇದಿನಿ ಹಾಲಿನ ಬೂತಿಗೆ ಕಾರು ತೆಗೆದುಕೊಂಡು ಹೋದಳು. ಮನೆಯಿಂದ ಬೂತಿಗೆ ನಾನೂರು ಹೆಜ್ಜೆ. ಅಷ್ಟರಲ್ಲಿ ಕಾರು ಹನ್ನೊಂದು ಸಲ ನಿಂತಿತು. ಒಂದು ನಾಯಿ ಬೊಗಳಿತು, ಒತ್ತಿದೆ. ಯಾರದೋ ಸೈಕಲ್ ಬೆಲ್ ಕೇಳಿತು, ಒತ್ತಿದೆ. ಏನೂ ಕೇಳಿಸದೆ ಎಲ್ಲ ನಿಶ್ಶಬ್ದವಾದಾಗ ಅದಕ್ಕೇ ಹೆದರಿ ಒತ್ತಿದೆ. ನಡುವೆ ಅಮ್ಮ ಚೊಂಬು ಹಿಡಿದು ನಡೆದುಹೋಗಿ ಹಾಲು ತಂದು ಒಲೆಯ ಮೇಲಿಟ್ಟೂ ಆಗಿತ್ತು. ಸಿಗ್ನಲ್ ಹತ್ತಿರದ ಪೊಲೀಸ್ ದಫೇದಾರ್ ಕಾರಿನೊಳಗೆ ಬಗ್ಗಿ, ಹೊಸಬರನ್ನೆಲ್ಲ ಕೇಳುವ ಹಾಗೆಯೇ, "ಅಪ್ಪನೋ, ಅಮ್ಮನೋ?" ಎಂದು ಕೇಳಿದನಂತೆ. ಇವಳು "ಅಪ್ಪ" ಎಂದಳಂತೆ. "ದರ್ಜಿ ಪಾಂಡಣ್ಣನಾ? ಹಾಗಾದ್ರೆ ಬುತ್ತಿ ತಗೊಂಡು ಬಾಮ್ಮ ನಾಳೆಯಿಂದ" ಎಂದನಂತೆ.

ಮನೆಗೆ ಬಂದು ಕೀಲಿಯನ್ನು ನನ್ನ ಕತ್ತರಿಯ ಪಕ್ಕದಲ್ಲಿಟ್ಟು ಮೇದಿನಿ ಹೇಳಿದಳು, "ಅಪ್ಪ, ನಾನು ಎಲ್ಲಾದ್ರೂ ಎಡವಿದ್ನಾ? ಯಾರಿಗಾದ್ರೂ ತಾಗಿಸಿದ್ನಾ? ಹೇಳು, ತಿದ್ದ್ಕೋತೀನಿ. ತಪ್ಪೇ ಮಾಡ್ದೆ ಇರೋಳು ಏನನ್ನ ತಿದ್ದ್ಕೋಬೇಕು?" ನಾನು ಅಳತೆ ಟೇಪನ್ನು ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ.

ಮಾಡಬಾರದ್ದೆಲ್ಲ ಮಾಡಿದೆ. ಕಾಲನ್ನು ಮಷೀನಿನ ಮೇಜಿಗೆ ಕಟ್ಟಿದೆ, ಅದು ಮೇಜನ್ನೇ ಒತ್ತಿತು. ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಮಲಗಿ ಕಾಲನ್ನು ಗಾಳಿಯಲ್ಲಿ ಎತ್ತಿದೆ, ಅದು ಗಾಳಿಯನ್ನು ಒತ್ತಿತು. ಗಾಳಿ ಒತ್ತಿದರೂ ಹಿಡಿಯುತ್ತದೆಂದು ನನ್ನಿಂದಲೇ ಊರಿಗೆ ಗೊತ್ತಾದದ್ದು. ಮೇದಿನಿ ಕಾಲೇಜಿಗೆ ಕಾರಿನಲ್ಲಿ ಹೊರಟರೆ ನನ್ನ ಅಂಗಡಿಯಲ್ಲಿ ಹೊಲಿಗೆ ನಿಲ್ಲುತ್ತಿತ್ತು. ರವಿಕೆ ಕೇಳಲು ಬಂದ ಹೆಂಗಸರು ಮೇಲೆತ್ತಿದ ನನ್ನ ಕಾಲನ್ನು ನೋಡಿ, "ಇನ್ನೂ ಇಳಿದಿಲ್ವಾ ಪಾಂಡಣ್ಣ, ಹಬ್ಬದೊಳಗೆ ಆಗುತ್ತಾ?" ಎನ್ನುತ್ತಿದ್ದರು. ರವಿಕೆಯನ್ನು ಕೇಳುತ್ತಿದ್ದರೋ ಕಾಲನ್ನೋ ಗೊತ್ತಾಗುತ್ತಿರಲಿಲ್ಲ.

ನನಗೆ ಹೆಚ್ಚು ಉರಿಯುತ್ತಿದ್ದದ್ದು ಯಮುನಾಳ ಕಾಲನ್ನು ನೋಡಿ. ಅದು ಒಂದು ದಿನವೂ, ಒಂದೇ ಒಂದು ದಿನವೂ, ಒತ್ತಲಿಲ್ಲ. ಎರಡೂ ಕಾಲು ನೆಲದ ಮೇಲಿಟ್ಟು ರೊಟ್ಟಿ ತಟ್ಟುತ್ತಿದ್ದಳು. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ, "ನಿನಗೆ ಹೆದರಿಕೆನೇ ಆಗಲ್ವೇನೇ? ಹೆತ್ತೋಳು ತಾನೆ ನೀನು?"

ಅವಳು ರೊಟ್ಟಿ ಮಗುಚಿ ಹಾಕಿ ಹೇಳಿದಳು, "ಆಗುತ್ತೆ ಕಣ್ರೀ. ಆದರೆ ನೀವು ಅವಳು ಮನೆ ಬಿಡೋದ್ರೊಳಗೆ ಅವಳಿಗಿಂತ ಮುಂದೆ ಓಡಿಹೋಗಿ, ತಿರುವಲ್ಲಿ ನಿಂತ್ಕೊಂಡು, ಅವಳು ಬಂದು ಬೀಳೋದನ್ನ ಕಾಯ್ತಿರ್ತೀರ. ನಾನು ಹಿಂದಿನ ಸೀಟಲ್ಲಿ ಕೂತಿರ್ತೀನಿ. ಅವಳು ಹೋದಷ್ಟು ದೂರ ಹೋಗ್ತೀನಿ." ಇದನ್ನು ಕೇಳಿ ನನಗೆ ಬೆರಗಾಯಿತು. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದೂ ಈ ಹೆಂಗಸು ಎಲ್ಲಿ ಕೂರುತ್ತಾಳೆಂದು ನಾನು ವಿಚಾರಿಸಿರಲಿಲ್ಲ.

ಆರು ತಿಂಗಳಾಯಿತು. ಹನ್ನೊಂದು ಸಲ ನಿಲ್ಲುತ್ತಿದ್ದದ್ದು ಐದಕ್ಕೆ ಇಳಿಯಿತು, ಮೂರಕ್ಕೆ ಇಳಿಯಿತು. ಆಗ ಒಂದು ಬೆಳಿಗ್ಗೆ ಅಮ್ಮ ಮೊರ ಕೆಳಗಿಟ್ಟು, "ಭಾನುವಾರ ನಾನು ಅಕ್ಕನ ಮನೆಗೆ ಹೋಗಬೇಕು. ಮೇದಿನಿ ಕರ್ಕೊಂಡು ಹೋಗ್ತಾಳೆ" ಎಂದಳು. ಅಮ್ಮನ ಅಕ್ಕ ಇರುವುದು ಬೆಟ್ಟದ ಮೇಲಿನ ಹಳ್ಳಿಯಲ್ಲಿ. ಅಲ್ಲಿಗೆ ಹನ್ನೆರಡು ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ.

"ನಾನು ಕರ್ಕೊಂಡು ಹೋಗ್ತೀನಮ್ಮ" ಎಂದೆ.

"ನೀನು ಓಡಿಸೋದನ್ನ ಅಕ್ಕ ನೋಡಿದಾಳೆ. ಮೊಮ್ಮಗಳು ಓಡಿಸೋದನ್ನ ನೋಡಿಲ್ಲ. ಅವಳಿಗೆ ಎಂಬತ್ನಾಲ್ಕು, ನನಗೆ ಎಪ್ಪತ್ತಾರು. ಯಾರಿಗೋಸ್ಕರ ಕಾಯೋಣ ಹೇಳು?"

ಮೇದಿನಿ ನನ್ನ ಮುಖ ನೋಡಲಿಲ್ಲ. ಕಾಲನ್ನು ನೋಡಿದಳು. ತಿರುವಿನ ನಡುವೆ, ಏರಿನಲ್ಲಿ, ಎದುರಿನಿಂದ ಗಾಡಿ ಬರುವಾಗ ಕಾರು ನಿಂತರೆ ಏನಾಗುತ್ತದೆಂದು ನಮ್ಮ ಮೂವರಿಗೂ ಗೊತ್ತಿತ್ತು. ಆದರೂ ಅವಳು, "ಹೋಗೋಣ ಅಜ್ಜಿ" ಎಂದಳು. ಆ ಎರಡು ಮಾತಿನಲ್ಲಿ ಅವಳು ನನ್ನನ್ನು ನಂಬಿದ್ದಳು. ಅದಕ್ಕೆ ನಾನು ಯೋಗ್ಯನಲ್ಲವೆಂದು ನನಗನ್ನಿಸಿತು.

ಮಕ್ಕಳು ಮೊದಲ ಸಲ ಬೆಟ್ಟ ಹತ್ತುವ ದಿನ ನಮ್ಮೂರಲ್ಲಿ ಕಾಲು ಹಿಡಿಯಲು ಬರುತ್ತಾರೆ. ಹೆತ್ತವರ ಬಲಗಾಲನ್ನು ಯಾರಾದರೂ ತಮ್ಮ ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದು, ಗಾಡಿ ತುದಿ ಮುಟ್ಟುವ ತನಕ ಕೂರುತ್ತಾರೆ. ಎಂಥ ದೊಡ್ಡ ಮನುಷ್ಯರೂ ಇದಕ್ಕೆ ಹಿಂಜರಿಯುವುದಿಲ್ಲ. ಭಾನುವಾರ ಬೆಳಿಗ್ಗೆ ನನ್ನ ಅಂಗಡಿಯ ತಾರಸಿಗೆ ಅರ್ಧ ಬೀದಿಯೇ ಹತ್ತಿ ಬಂತು. ಅಲ್ಲಿಂದ ಬೆಟ್ಟದ ರಸ್ತೆ, ನಾನು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆಯುವ ಗೆರೆಯಂತೆ, ತಿರುವು ತಿರುವಾಗಿ ಕಾಣುತ್ತದೆ. ಖಾದರ್ ಸಾಹೇಬರು ಚಾಪೆಯ ಮೇಲೆ ಕೂತು, ನನ್ನ ಕಾಲನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಬೇಡ ಸಾಹೇಬ್ರೆ, ನೀವು ನನಗಿಂತ ಹಿರಿಯರು" ಎಂದೆ.

"ನಲವತ್ತು ವರ್ಷದಿಂದ ಊರೋರ ಕಾಲು ಹಿಡಿದೇ ಊಟ ಮಾಡ್ತಿರೋದು ನಾನು. ಸುಮ್ಮನೆ ಕೂತ್ಕೋ ಪಾಂಡು" ಎಂದರು.

ಮಜ್ಜಿಗೆ ಬಣ್ಣದ ಚುಕ್ಕೆ ಊರು ದಾಟಿತು, ಹಳಿ ದಾಟಿತು, ಮೊದಲ ತಿರುವು ಹತ್ತಿತು. ಎರಡು, ಮೂರು. ಖಾದರ್ ಸಾಹೇಬರು ಹೆಬ್ಬೆರಳಿನಿಂದ ನನ್ನ ಅಂಗಾಲನ್ನು ನೀವುತ್ತಿದ್ದರು. ನಾಲ್ಕು, ಐದು. ತಾರಸಿಯ ಮೇಲೆ ಅಷ್ಟು ಜನರಿದ್ದರೂ ಯಾರೂ ಕೆಮ್ಮುತ್ತಿರಲಿಲ್ಲ. ಆರನೆಯ ತಿರುವು ದಾಟಿ ಅವಳು ಏಳರ ಕಡೆ ಹೊರಟಾಗ ನಾನು ಮೇಲೆ ನೋಡಿದೆ. ಎಂಟನೆಯ ತಿರುವಿನಿಂದ ಕಲ್ಲು ತುಂಬಿದ ಲಾರಿಯೊಂದು ಇಳಿದು ಬರುತ್ತಿತ್ತು. ನಮಗೆ ಎರಡೂ ಕಾಣುತ್ತಿದ್ದವು. ಬಂಡೆಯ ಮರೆಯಲ್ಲಿದ್ದ ಅವರಿಗೆ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಏಳನೆಯ ತಿರುವಿನಲ್ಲೇ ಎರಡೂ ಎದುರಾಗುವಂತಿತ್ತು.

ಆ ಹೊತ್ತಿನಲ್ಲಿ ನನಗೆ ಏನೂ ತಿಳಿಯಲಿಲ್ಲ. ಒತ್ತಿದರೆ ಅವಳನ್ನು ಉಳಿಸುತ್ತೇನೋ ಲಾರಿಯ ಬಾಯಿಗೆ ನಿಲ್ಲಿಸುತ್ತೇನೋ, ಯೋಚಿಸಲು ಸಮಯವೇ ಇರಲಿಲ್ಲ. ಎದೆ ಧಸಕ್ಕೆಂದಿತು, ಕಾಲು ಒತ್ತಿತು. ಹುಟ್ಟಿದಂದಿನಿಂದ ಹಾಗೆ ಒತ್ತಿರಲಿಲ್ಲ. ಖಾದರ್ ಸಾಹೇಬರು ಎರಡೂ ಕೈಯಲ್ಲಿ ಅದುಮಿ ಹಿಡಿದರೂ ನನ್ನ ಹಿಮ್ಮಡಿ ಅವರ ತೊಡೆಯೊಳಗೆ ಇಳಿಯಿತು. ಅವರು ನೋವಿಗೆ ಕಣ್ಣು ಮುಚ್ಚಿದರು, ಕೈ ಬಿಡಲಿಲ್ಲ.

ಕಾರು ನಿಲ್ಲಲಿಲ್ಲ.

ಹೋಗುತ್ತಲೇ ಇತ್ತು. ನಾನು ಒತ್ತುತ್ತಲೇ ಇದ್ದೆ. ತಿರುವಿಗೆ ಸ್ವಲ್ಪ ಮುಂಚೆ, ಬಂಡೆ ಒಳಸರಿದು ರಸ್ತೆ ಅಗಲವಾಗುವ ಕಡೆ, ಕಾರು ಮೆಲ್ಲಗೆ ಎಡಕ್ಕೆ ಸರಿದು ನಿಂತಿತು. ಲಾರಿ ತಿರುವಿನಿಂದ ಹೊರಬಂದು, ಇಡೀ ರಸ್ತೆಯನ್ನು ತುಂಬಿಕೊಂಡು, ಅವಳ ಪಕ್ಕದಲ್ಲೇ ಇಳಿದುಹೋಯಿತು. ತಾರಸಿಯ ಮೇಲಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು.

"ನಿಲ್ಲಿಸಿದೆ ಸಾಹೇಬ್ರೆ" ಎಂದೆ. "ನಾನೇ ನಿಲ್ಲಿಸಿದೆ."

ಖಾದರ್ ಸಾಹೇಬರು ಕಣ್ಣು ತೆರೆದು ಬೆಟ್ಟದ ಕಡೆ ತೋರಿಸಿದರು. "ನಿನ್ನ ಕಾಲು ಇನ್ನೂ ಒತ್ತುತ್ತಾ ಇದೆ ಪಾಂಡು. ಅಲ್ಲಿ ನೋಡು."

ನೋಡಿದೆ. ನನ್ನ ಕಾಲು ಅವರ ತೊಡೆಯಲ್ಲಿ ನೆಟ್ಟೇ ಇತ್ತು. ಅಲ್ಲಿ ಕಾರು ಹೊರಟಿತ್ತು. ಏಳನೆಯ ತಿರುವು ದಾಟಿ, ಎಂಟನೆಯದಕ್ಕೆ, ಎಲ್ಲಿಯೂ ತಡವರಿಸದೆ ಏರುತ್ತಿತ್ತು. ಅವಳು ತಾನೇ ಕೇಳಿಸಿಕೊಂಡು, ತಾನೇ ಜಾಗ ಹುಡುಕಿ, ತಾನೇ ನಿಂತಿದ್ದಳು. ಈಗ ತಾನೇ ಹೋಗುತ್ತಿದ್ದಳು. ನಾನು ಹೆತ್ತ ಜೀವವೊಂದು ನನ್ನ ಕಾಲಿಗೆ ಸಿಗದಷ್ಟು ಎತ್ತರದಲ್ಲಿ ಹೋಗುತ್ತಿರುವುದನ್ನು ಬಾಯಿ ಬಿಟ್ಟುಕೊಂಡು ನೋಡಿದೆ. ಅಂಥ ಬೆರಗು ನನಗೆ ಅವಳು ಹುಟ್ಟಿದ ದಿನ ಆಗಿತ್ತು, ಆಮೇಲೆ ಅವತ್ತೇ. ಹಿಂದೆ ನಿಂತಿದ್ದ ಯಮುನಾ ನನ್ನ ಹೆಗಲ ಮೇಲೆ ಕೈಯಿಟ್ಟಳು. ಅವಳ ಕೈ ತಣ್ಣಗೆ ಬೆವರಿತ್ತು.

"ಕಾಲಿಳಿಯಿತು" ಎಂದು ಯಾರೋ ಮೆಲ್ಲಗೆ ಅಂದರು.

ಸಂಜೆ ಅಜ್ಜಿ ಮೊಮ್ಮಗಳು ಇಬ್ಬರೂ ಕೈಯಲ್ಲಿ ನೆಲ್ಲಿಕಾಯಿ ಗಂಟು ಹಿಡಿದು ನಗುತ್ತ ಬಂದರು. ಮೇದಿನಿ ಓಡಿಬಂದು, "ಒಂದ್ಸಲನೂ ನಿಲ್ಲಿಸ್ಲಿಲ್ಲ ನೀನು!" ಎಂದು ನನ್ನ ಕೈ ಹಿಡಿದು ಕುಣಿದಳು. ಅಮ್ಮ ಮಣೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದವಳು, "ಕಾಲು ನೋಯ್ತಿದೆಯೇನೋ?" ಎಂದು ಮಾತ್ರ ಕೇಳಿದಳು.

ಮರುದಿನ ಬೀದಿಯವರು ಹೊಸ ಚಪ್ಪಲಿ ತಂದರು. ಕಪ್ಪು ಬಣ್ಣದ್ದು, ಒಳ್ಳೆಯ ಚರ್ಮ. ಖಾದರ್ ಸಾಹೇಬರೇ ತೊಡಿಸಿದರು. ನನ್ನ ಕಾಲಿನ ಅಳತೆ ಅವರ ತೊಡೆಗೆ ಗೊತ್ತಾಗಿಬಿಟ್ಟಿದೆ ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡೂ ಕಾಲು ಪೆಡಲ್ ಮೇಲಿಟ್ಟು ಮಧ್ಯಾಹ್ನದೊಳಗೆ ಆರು ರವಿಕೆ ಮುಗಿಸಿದೆ. ಆದರೆ ನನಗೆ ಸಂತೋಷವಾಗಲಿಲ್ಲ. ಇಷ್ಟು ದಿನ ಬೈಸಿಕೊಂಡ ಕಾಲು, ಕಟ್ಟಿಹಾಕಿಸಿಕೊಂಡ ಕಾಲು, ಈಗ ಬರೀ ನಡೆಯುವ ಕಾಲಾಗಿತ್ತು. ಮಗಳು ಎಲ್ಲೋ ರಸ್ತೆಯಲ್ಲಿರುತ್ತಾಳೆ, ನಾನು ಇಲ್ಲಿರುತ್ತೇನೆ, ನಡುವೆ ಏನೂ ಇಲ್ಲ. ಈ ಮಾತನ್ನು ಯಾರ ಹತ್ತಿರ ಹೇಳಿದರೂ ನಗುತ್ತಿದ್ದರು.

ಮೂರು ದಿನ ಕಳೆದ ಮೇಲೆ ಲೈನಿಂಗ್ ಬಟ್ಟೆ ತರಲು ನಾನೇ ಕಾರು ತೆಗೆದುಕೊಂಡು ಪೇಟೆಗೆ ಹೊರಟೆ. ಸ್ಕೂಲಿನ ಬೀದಿಗೆ ತಿರುಗಿದರೆ ಎದುರಿಗೆ ಬೆಟ್ಟ ಕಾಣುತ್ತದೆ. ಕಣ್ಣು ತಾನಾಗಿಯೇ ಏಳನೆಯ ತಿರುವಿಗೆ ಹೋಯಿತು. ಬಂಡೆ ಒಳಸರಿದ ಆ ಜಾಗವನ್ನೇ ಹುಡುಕುತ್ತಿದ್ದೆ.

ಕಾರು ನಿಂತಿತು.

ತೊಟ್ಟಿಲನ್ನು ಹಿಡಿದು ನಿಲ್ಲಿಸಿದ ಹಾಗೆ, ಮೆತ್ತಗೆ. ನನ್ನ ಕಾಲು ಆಕ್ಸಿಲರೇಟರ್ ಮೇಲೇ ಇತ್ತು, ಬ್ರೇಕನ್ನು ಮುಟ್ಟಿರಲಿಲ್ಲ. ಇಂಜಿನ್ ಗುರುಗುಟ್ಟುತ್ತಿತ್ತು, ಗಾಡಿ ಕದಲುತ್ತಿರಲಿಲ್ಲ. ಬಾನೆಟ್ಟಿನ ಮುಂದೆ, ನನಗೆ ಕಾಣದಷ್ಟು ಹತ್ತಿರದಲ್ಲಿ, ಎರಡು ಪುಟ್ಟ ಜಡೆ ಮೇಲೆದ್ದವು. ಆರೇಳು ವರ್ಷದ ಹುಡುಗಿ. ಚೆಲ್ಲಿಹೋದ ಬಳಪಗಳನ್ನು ರಸ್ತೆಯ ನಡುವೆ ಕೂತು ಆರಿಸುತ್ತಿದ್ದಳು. ಕೊನೆಯ ಬಳಪವನ್ನು ಎತ್ತಿ, ಲಂಗಕ್ಕೆ ಒರೆಸಿ, ನನ್ನ ಕಡೆ ಒಮ್ಮೆ ನೋಡಿ, ಓಡಿಹೋದಳು. ನಾನು ಅವಳನ್ನು ನೋಡಿಯೇ ಇರಲಿಲ್ಲ.

ದಫೇದಾರ್ ಬಂದು ಬಗ್ಗಿ, ನನ್ನ ನರೆತ ತಲೆ ನೋಡಿ, ಎಂದಿನ ಪ್ರಶ್ನೆ ಕೇಳದೆ, "ಏನು ಪಾಂಡಣ್ಣ, ಪೆಟ್ರೋಲ್ ಖಾಲಿಯಾ?" ಎಂದ. "ಹೂಂ ಕಣಪ್ಪ" ಎಂದೆ. ಅವನು ಹೋದ ಮೇಲೆ ಮನೆಗೆ ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದರು. ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಅಮ್ಮನ ದನಿ ಬಂತು.

"ತೆಗೆದೆ ಕಣೋ. ನೋಡ್ಕೊಂಡು ಹೋಗು."

ಕಾರು ಹೊರಟಿತು. ನನಗೆ ಆಗ ನಲವತ್ತೆಂಟು ವರ್ಷ.

ಬಟ್ಟೆ ತರದೆ ಮನೆಗೆ ತಿರುಗಿ ಬಂದೆ. ಅಮ್ಮ ಮಣೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಎಡಗಾಲು ಮಡಚಿತ್ತು, ಬಲಗಾಲು ಬರಿದಾಗಿ ನೆಲದ ಮೇಲಿತ್ತು. ನಾನು ಅವಳ ಎದುರಿಗೆ ನೆಲದ ಮೇಲೆ ಕೂತೆ. "ಇಳಿದಿತ್ತಲ್ಲಮ್ಮ ನಿಂದು. ಇಪ್ಪತ್ತೊಂಬತ್ತು ವರ್ಷ ಆಯ್ತು."

"ಇಳೀತು ಅಂತ ಎಲ್ಲಾರೂ ಅಂದ್ರು. ನಾನೂ ಹೂಂ ಅಂದೆ" ಎಂದಳು ಅಮ್ಮ, ಮೊರದಿಂದ ಕಣ್ಣೆತ್ತದೆ. "ಮೊದಮೊದಲು ಅದು ಸುಮ್ಮಸುಮ್ಮನೆ ಹಿಡಿಯುತ್ತೆ. ಆಮೇಲೆ ಅದಕ್ಕೂ ಬುದ್ಧಿ ಬರುತ್ತೆ. ಮಕ್ಕಳು ನೋಡ್ಕೊಂಡು ಹೋಗ್ತಿದ್ರೆ ಎಷ್ಟು ಒತ್ತಿದ್ರೂ ಹಿಡಿಯಲ್ಲ. ನಿಜವಾಗ್ಲೂ ಬೇಕಾದಾಗ ಮಾತ್ರ ಹಿಡಿಯುತ್ತೆ. ನಿನಗೆ ಇವತ್ತಿನವರೆಗೂ ಬೇಕಾಗಿರ್ಲಿಲ್ಲ. ಚೆನ್ನಾಗೇ ಓಡಿಸ್ತಿದ್ದೆ."

"ಮತ್ತೆ ಆ ಚಪ್ಪಲಿ?"

"ಮಧ್ಯ ಚರ್ಮ ಇದ್ರೆ ಹಿಡಿಯುತ್ತೋ ಇಲ್ವೋ, ಯಾರಿಗ್ಗೊತ್ತು. ಯಾಕೆ ಬೇಕು ಅಂತ ಹಾಕ್ಕೊಳ್ಲಿಲ್ಲ."

ನಾನು ಬಗ್ಗಿ ಮಂಚದ ಕೆಳಗಿನಿಂದ ಆ ಗಂಟನ್ನು ಎಳೆದೆ. ಪೇಪರ್ ಹಳದಿಯಾಗಿ ಪುಡಿಪುಡಿಯಾಗಿತ್ತು. ಒಳಗೆ ಕಂದು ಚಪ್ಪಲಿ ಕೊಟ್ಟ ದಿನದ ಹಾಗೇ ಇತ್ತು, ಅಟ್ಟೆಗೆ ಒಂದು ಹರಳು ಮಣ್ಣೂ ಅಂಟಿರಲಿಲ್ಲ. ಇದನ್ನು ನಾವು ಜಿಪುಣತನವೆಂದು ಆಡಿಕೊಂಡಿದ್ದೆವು. ಬೇಸಗೆಯ ಬಿಸಿಲಲ್ಲಿ, ಚಳಿಯಲ್ಲಿ, ಬೆಟ್ಟದ ಮೇಲಿನ ಮುಳ್ಳಿನಲ್ಲಿ ಅವಳು ಬರಿಗಾಲಲ್ಲಿ ನಡೆದದ್ದೆಲ್ಲ ಕಣ್ಣ ಮುಂದೆ ಬಂತು. ಅಮ್ಮನ ಪಾದದ ಮೇಲೆ ಕೈಯಿಟ್ಟೆ. ಅಂಗಾಲು ಹಳೆಯ ಹೊಲಿಗೆ ಹಲಗೆಯಂತೆ ಗಟ್ಟಿಯಾಗಿತ್ತು. ನನಗೆ ಅಳು ಬಂತು, ಅತ್ತೆ. ಅಮ್ಮ, "ಅಕ್ಕಿಗೆ ನೀರು ಬೀಳುತ್ತೆ, ಆ ಕಡೆ ಹೋಗು" ಎಂದಳು.

ಹೊರಗೆ ಬಂದು ಜಗಲಿಯ ಮೇಲೆ ನಿಂತೆ. ಅದೇ ಬೀದಿ, ನಾನು ಹುಟ್ಟಿದಂದಿನಿಂದ ನೋಡಿದ್ದು. ಎದುರು ಮನೆಯ ಜಗಲಿಯಲ್ಲಿ ರಿಟೈರಾದ ಹೆಡ್‌ಮಾಸ್ತರು ಪೇಪರ್ ಓದುತ್ತಿದ್ದರು. ಎಡಗಾಲಲ್ಲಿ ಚಪ್ಪಲಿ ಇತ್ತು. ಬಲಗಾಲಿನ ಚಪ್ಪಲಿ ಪಕ್ಕದಲ್ಲಿತ್ತು, ಪಾದ ನೆಲದ ಮೇಲಿತ್ತು. ಅವರ ಮಗನಿಗೆ ಐವತ್ತು ದಾಟಿದೆ. ಆಚೆ ಮನೆಯ ಅಜ್ಜಿ ಹೂ ಕಟ್ಟುತ್ತಿದ್ದಳು, ಬಲಗಾಲು ಬರಿದು. ಕಟ್ಟೆಯ ಮೇಲೆ ಚೌಕಾಬಾರ ಆಡುತ್ತಿದ್ದ ನಾಲ್ವರು ಮುದುಕರ ನಾಲ್ಕು ಬಲಗಾಲಿನ ಚಪ್ಪಲಿಗಳು ಕಟ್ಟೆಯ ಕೆಳಗೆ ಸಾಲಾಗಿದ್ದವು. ಖಾದರ್ ಸಾಹೇಬರು ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತು ಗಿರಾಕಿಗೆ ಅಳತೆ ತೆಗೆಯುತ್ತಿದ್ದರು. ಊರಿಗೆಲ್ಲ ಚಪ್ಪಲಿ ತೊಡಿಸುವ ಮನುಷ್ಯನ ಸುಟ್ಟ ಕಲೆಯ ಪಾದ ಬರಿದಾಗಿ ಮಣ್ಣಿನ ಮೇಲಿತ್ತು. ಅನ್ವರನ ಬಸ್ಸು ಆ ಹೊತ್ತಿಗೆ ಎಲ್ಲಿತ್ತೋ. ಮುದುಕರಿಗೆ ಕಾಲು ಉರಿ, ಅದಕ್ಕೇ ಚಪ್ಪಲಿ ಬಿಡುತ್ತಾರೆ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಇಡೀ ಊರೇ ಅಂಗಾಲನ್ನು ನೆಲಕ್ಕೆ ಕೊಟ್ಟು, ಒಬ್ಬರಿಗೊಬ್ಬರು ಹೇಳದೆ, ಹಾಗೆ ಕೂತಿತ್ತು.

ಸಂಜೆ ಮೇದಿನಿ ಅಂಗಡಿಗೆ ಬಂದು ಕೈ ಚಾಚಿದಳು. "ಅಪ್ಪ, ಕೀಲಿ. ಗೆಳತಿ ಮನೆಗೆ ಹೋಗಿ ಬರ್ತೀನಿ." ಕೊಟ್ಟೆ. ಹುಷಾರು ಎನ್ನಲಿಲ್ಲ. ಅವಳು ಬಾಗಿಲಲ್ಲಿ ನಿಂತು ನನ್ನ ಕಪ್ಪು ಚಪ್ಪಲಿಯನ್ನು ನೋಡಿ, "ಚೆನ್ನಾಗಿ ಕಾಣುತ್ತೆ ಅಪ್ಪ ನಿನಗೆ" ಎಂದು ನಕ್ಕು ಹೋದಳು.

ರವಿಕೆಗೆ ಕಾಯುತ್ತಿದ್ದ ಹೆಂಗಸು, "ಪೂರ್ತಿ ಇಳೀತಂತಲ್ಲ ಪಾಂಡಣ್ಣ?" ಎಂದು ಕೇಳಿದಳು.

"ಹೂಂ ಕಣಮ್ಮ, ಇಳೀತು" ಎಂದೆ. ಹೊರಗೆ ಕಾರು ಸ್ಟಾರ್ಟ್ ಆದ ಸದ್ದು ಕೇಳಿತು. ನಾನು ಮೇಜಿನ ಕೆಳಗೆ ಬಲಗಾಲಿನ ಚಪ್ಪಲಿ ಕಳಚಿ, ಪಾದವನ್ನು ಮೆಲ್ಲಗೆ ನೆಲದ ಮೇಲಿಟ್ಟು, ಎಡಗಾಲಿನಿಂದ ಪೆಡಲ್ ತುಳಿಯತೊಡಗಿದೆ.